ಮೂರನೆಯ ಹನಿ

ಮರಗೆಣಸಿನ ಹಿಟ್ಟು ಮೊದಲು ನೀರಿನ ತಳದಲ್ಲಿ
ಸುಮ್ಮನೆ ಕೂತಿರುತ್ತದೆ, ಶಾಲೆಗೆ ಹೊಸದಾಗಿ ಬಂದ ಹುಡುಗನ ಹಾಗೆ.
ಕಾವು ಎಪ್ಪತ್ತು ದಾಟಿದ್ದೇ ತಡ
ಹಾಲಿನಂಥದ್ದು ಗಾಜಿನಂತಾಗುತ್ತದೆ.
ಆಗ ಕೈ ನಿಲ್ಲಿಸಬಾರದು.
ನಿಲ್ಲಿಸಿದರೆ ಗಂಟು.
ಫಾಕಿಗೆ ಇದನ್ನು ಹೇಳಿ ಹೇಳಿ
ನನ್ನ ನಾಲಗೆಯೇ ಗಂಜಿಯಾಗಿದೆ.

ಹಾಳೆ ಬಾಗಲೆಂದು ಒಂದಿಷ್ಟು ಗ್ಲಿಸರಿನ್.
ಆಮೇಲೆ ಲವಂಗದೆಣ್ಣೆ.
ಪೆಂಬಾದಲ್ಲಿ ಅದಕ್ಕೇನು ಬರ?
ಕೊಯ್ಲಿನ ದಿನಗಳಲ್ಲಿ ರಸ್ತೆಯಂಚಿಗೆಲ್ಲ ಚಾಪೆ,
ಚಾಪೆಯ ತುಂಬ ಮೊಗ್ಗು,
ಬಸ್ಸು ಹಾದರೆ ಬಸ್ಸಿಗೂ ಘಮ.
ಮೊಗ್ಗು ಹಡಗಿಗೆ, ತೊಟ್ಟು ಭಟ್ಟಿಗೆ.
ನಮ್ಮ ಪಾಲಿಗೆ ತೊಟ್ಟಿನೆಣ್ಣೆ,
ಕಂದು, ಖಾರ,
ತಾಗಿದರೆ ಬೆರಳು ಜುಮ್ಮೆಂದು
ಸ್ವಲ್ಪ ಹೊತ್ತು ಬೇರೆ ಯಾರದೋ ಆಗಿಬಿಡುತ್ತದೆ.

ಒಂದು ಹನಿಯ ಹಾಳೆಯಲ್ಲಿ ಸುತ್ತಿದ ಬ್ರೆಡ್ಡಿಗೆ
ನಾಲ್ಕನೆಯ ದಿನ ಹಸಿರು ಬೂಷ್ಟು.
ಎರಡಕ್ಕೆ ಏಳನೆಯ ದಿನ, ಅಂಚಿನಲ್ಲಿ ಚೂರೇ ಚೂರು.
ಮೂರು ಹನಿಯದು ಹನ್ನೆರಡು ದಿನ
ಕಲೆಯಿಲ್ಲದೆ ಕೂತಿತ್ತು.
ಗಾಜಿನ ತಟ್ಟೆಯಲ್ಲಿ ಸೂಕ್ಷ್ಮಜೀವಿಗಳು
ಹಾಳೆಯ ಬಿಲ್ಲೆಯಿಂದ ದೂರ ಸರಿದು ನಿಂತಿದ್ದವು,
ಚಂದ್ರನಿಗೆ ಕೆರೆ ಕಟ್ಟಿದ ಹಾಗೆ ಸುತ್ತ ಖಾಲಿ.
ಫಾಕಿ ಕುಣಿದ.
ನಾನೂ ಕುಣಿದೆ, ಬಾಗಿಲು ಹಾಕಿಕೊಂಡು.

ವೇಟೆ ಪೇಟೆಯ ಬೇಕರಿಯ ಮಕಾಮೆ
ಒಂದು ಚೂರು ಮುರಿದು ಬಾಯಿಗಿಟ್ಟ.
ಅಗಿಯುವುದನ್ನು ನಿಲ್ಲಿಸಿದ. ದವಡೆ ಹಿಡಿದುಕೊಂಡ.
'ತಂಗೀ, ಇದು ಬ್ರೆಡ್ಡೋ, ಹಲ್ಲುನೋವೋ?'

ಮೂರನ್ನು ಎರಡೂವರೆ ಮಾಡುವ ಸೀಸೆ
ನಮ್ಮ ಪ್ರಯೋಗಾಲಯದಲ್ಲಿ ಇಲ್ಲವೆಂದಲ್ಲ.
ಮಾಡಿದೆವು.
ಬೂಷ್ಟೂ ಬಂತು, ಹಲ್ಲುನೋವೂ ಹೋಗಲಿಲ್ಲ.

ರಾತ್ರಿ ಅಜ್ಜಿಯ ಕೈಗೆ ಹಾಳೆ ಕೊಟ್ಟೆ.
ಕಿಜಕಾಜಿ ಅಜ್ಜಿಗೆ ಕಣ್ಣು ಮಂಜು, ಬೆರಳು ಚುರುಕು.
ತಿಕ್ಕಿ ನೋಡಿದಳು, ಮೂಸಿದಳು, ನಕ್ಕಳು.
'ಇದು ನಿನ್ನ ತಾತನ ಶುಕ್ರವಾರದ ಟೋಪಿ ಕಣೇ.'
ಕಸೂತಿ ಟೋಪಿಗೆ ಇದೇ ಗೆಣಸಿನ ಗಂಜಿ ಹಾಕಿ
ಮಡಕೆಯ ಮೇಲೆ ಬೋರಲು ಒಣಗಿಸುತ್ತಿದ್ದಳಂತೆ,
ತಲೆಯ ಮೇಲೆ ಠೀವಿಯಿಂದ ನಿಲ್ಲುತ್ತಿತ್ತಂತೆ,
ಮಳೆಗೆ ಸಿಕ್ಕರೆ ಮಾತ್ರ
ಠೀವಿಯೆಲ್ಲ ಕಿವಿಯ ತನಕ ಇಳಿಯುತ್ತಿತ್ತಂತೆ.
ಗಂಜಿಯ ಆಸೆಗೆ ಜಿರಳೆ ಬರುತ್ತಿದ್ದವು.
'ಅದಕ್ಕೇ ಪೆಟ್ಟಿಗೆಯಲ್ಲಿ ಲವಂಗ.'
ಟೋಪಿಯ ಒಳಗಾ, ಅಜ್ಜಿ?
'ಒಳಗಿಟ್ಟರೆ ಹಣೆ ಉರಿಯುವುದಿಲ್ಲವೇ ಹುಚ್ಚೀ?
ಮೂಲೆಯಲ್ಲಿ. ವಾಸನೆ ನಡೆದುಕೊಂಡು ಹೋಗುತ್ತೆ.'

ನನಗೆ ನಿದ್ದೆ ಬರಲಿಲ್ಲ.

ಈಗ ಹಾಳೆಯಲ್ಲಿ ಎಣ್ಣೆಯಿಲ್ಲ.
ಮಡಿಕೆಯ ತುದಿಗೊಂದು ಪಟ್ಟಿ, ಬೆರಳಗಲ,
ಮೂರೂ ಹನಿ ಅದರಲ್ಲೇ,
ಬ್ರೆಡ್ಡಿಗೆ ತಾಗದ ಹಾಗೆ.
ಹನ್ನೆರಡು ದಿನ ಬರಲಿಲ್ಲ; ಒಂಬತ್ತು ಬಂತು.
ಮಕಾಮೆ ಪೂರ್ತಿ ಅಗಿದು ನುಂಗಿ ಹೇಳಿದ:
'ಹೋದ ವಾರ ಮದುವೆಯಾದ ಮನೆಯ ಹಾಗಿದೆ.
ಇರಲಿ. ನಡೆಯುತ್ತೆ.'

ಬಳಸಿದ ಹಾಳೆಯನ್ನು ಪಪ್ಪಾಯಿ ಗಿಡದ ಬುಡದಲ್ಲಿ ಹೂತೆ.
ಹಾಳೆ ಬೇಗ ಕರಗಿತು.
ಪಟ್ಟಿ ಮಾತ್ರ ಹಟಮಾರಿ,
ಕೆದಕಿದಾಗೆಲ್ಲ ಮಣ್ಣಿಗೆ ಲವಂಗದ ಉಸಿರು,
ಒಂದು ಎರೆಹುಳವೂ ಹತ್ತಿರವಿಲ್ಲ.
ನಾವು ಓಡಿಸಿದವರಲ್ಲಿ ಅವೂ ಇದ್ದವೇ
ಎಂದು ಯಾರೂ ಕೇಳಿರಲಿಲ್ಲ.
ವರದಿಯಲ್ಲಿ ಅದಕ್ಕೊಂದು ಸಾಲು ಖಾಲಿ ಬಿಟ್ಟೆ.

ಇಪ್ಪತ್ತಮೂರನೆಯ ಬೆಳಗ್ಗೆ, ಮಳೆ ಬಿದ್ದ ಮೇಲೆ,
ಒಂದು ಬಂದಿತ್ತು.
ಸಣ್ಣದು. ಪಟ್ಟಿಯ ತುದಿಗೆ ಮೂತಿ ತಾಗಿಸಿ
ಹಿಂದೆ ಸರಿದು
ಮತ್ತೆ ತಾಗಿಸಿತು.