ಹೆಪ್ಪಿನ ಲೆಕ್ಕ

ಹಾಸನದ ಡಿಸೆಂಬರ್ ಚಳಿಗೆ
ಎರಡು ದಿನದಿಂದ ನಮ್ಮನೆ ಹಾಲು ಹಾಲಾಗಿಯೇ ಕೂತಿದೆ.
ಪರದೆಯ ಮೇಲಿನ ಜೀವಾಣುವೂ ಅಷ್ಟೇ:
ಬೆಳವಣಿಗೆ, ಸೊನ್ನೆ.
ಎಂಟುನೂರ ಹನ್ನೊಂದು ಕ್ರಿಯೆ, ಒಂದೊಂದಕ್ಕೂ ಒಂದು ಕಂಬಸಾಲು;
ಲ್ಯಾಕ್ಟೋಸು, ಲವಣ, ಆಮ್ಲ, ಒಂದೊಂದಕ್ಕೂ ಒಂದು ಅಡ್ಡಸಾಲು.
ನಿಯಮ ಕಿರಾಣಿ ಅಂಗಡಿಯದೇ:
ಒಳಗೆ ಬಂದದ್ದು ಹೊರಗೆ ಹೋಗಬೇಕು, ಇಲ್ಲ ಮೈಯಾಗಬೇಕು.
ನಡುವೆ ಏನೂ ಉಳಿಯಕೂಡದು,
ಏನೂ ತನ್ನಿಂತಾನೇ ಹುಟ್ಟಕೂಡದು.

(ಈ ಊರಲ್ಲಿ ಇದನ್ನು ಜೋರಾಗಿ ಹೇಳುವುದು ಕಷ್ಟ.
ಬಾಗಿಲು ಮುಚ್ಚಿ ವರ್ಷ ಕಳೆದರೂ ಆರದ ದೀಪ,
ಬಾಡದ ಹೂವು ಎಂದು ನಂಬಿದವರ ಸಾಲಿನಲ್ಲಿ
ನಾನೂ ನಿಂತವಳು, ಆರು ಗಂಟೆ, ವಿಶೇಷ ಟಿಕೆಟ್ ಇಲ್ಲದೆ.)

ಎಲ್ಲಿ ಸತ್ತೆ ಮಾರಾಯ, ಎಂದು ಸಾಲು ಸಾಲು ತಡವಿದೆ.
ಸಕ್ಕರೆ ಇದೆ. ಕಿಣ್ವ ಇದೆ.
ಆದರೂ ಎಲ್ಲೋ ಒಂದು ಚೂರು, ಫಾರ್ಮಿಕ್ ಆಮ್ಲದಂಥ ಚಿಲ್ಲರೆ
ಸಿಗದೆ ಇಡೀ ಸಂಸಾರ ನಿಂತಿದೆ.

ಬಟ್ಟಲು ಹಿಡಿದು ದ್ಯಾವೀರಮ್ಮನ ಬಾಗಿಲಿಗೆ ಹೋದೆ.
"ದೀಪ ಹಚ್ಚಿದ್‌ಮ್ಯಾಲೆ ಹೆಪ್ಪು ಕೊಡಲ್ಲ ಕಣವ್ವ" ಅಂದರು.
ನಾನು ತಿರುಗಿದ ಮೇಲೆ ಮತ್ತೆ:
"ಬರೀಕೈಲಿ ಇಸ್ಕೊಂಡ್ರೆ ತಾನೆ ಕೊಟ್ಟಂಗೆ?
ಏನಾರ ಕೊಟ್ಟು ಇಸ್ಕೊ. ಆಗ ಅದು ಬದಲು."
ಎರಡು ಹಸಿಮೆಣಸಿನಕಾಯಿ ತಂದುಕೊಟ್ಟೆ.
ಔಷಧಿ ಅಂಗಡಿಯವರ ಹಾಗೆ ಒಂದು ಚಮಚ ಅಳೆದರು.

ಮೆಟ್ಟಿಲಲ್ಲೇ ಹೊಳೆಯಿತು.
ಮೊಸರಲ್ಲಿ ಒಂಟಿ ಬದುಕಿಲ್ಲ.
ಕಡ್ಡಿಯಂಥವನೊಬ್ಬ, ಮಣಿಸರದಂಥವಳೊಬ್ಬಳು;
ಅವನು ಹಾಲಿನ ಪ್ರೋಟೀನು ಮುರಿದು ತುಂಡು ಉದುರಿಸುತ್ತಾನೆ,
ಅವಳು ತನಗೆ ಬೇಡದ ಆಮ್ಲ ಅವನ ಕಡೆ ಚೆಲ್ಲುತ್ತಾಳೆ.
ಉಪಕಾರವೆನ್ನಲು ನಾಚಿಕೆ. ಎಂಜಲು.
ನಾನೋ ಅವನೊಬ್ಬನನ್ನೇ ಬರೆದು,
ಗಡಿಯ ಕಂಬಸಾಲಿಗೆಲ್ಲ ಕೈಯಾರೆ ಸೊನ್ನೆ ಹಾಕಿ,
ಯಾಕೋ ಬೆಳೆಯೊಲ್ಲೆ ಎಂದು ಗದರುತ್ತಿದ್ದೆ.

ಇಬ್ಬರನ್ನೂ ಕೂರಿಸಿದೆ. ನಡುವೆ ಕಿಂಡಿ ತೆರೆದೆ.
ಲೆಕ್ಕ ಇದ್ದಕ್ಕಿದ್ದಂತೆ ಇಪ್ಪತ್ತು ಪಟ್ಟು.
ಹಳೇ ಕಂಪ್ಯೂಟರಿನ ಫ್ಯಾನು ಬುಸುಗುಟ್ಟಿ
ಹಿಂದಿನಿಂದ ಬಿಸಿಗಾಳಿ.
ಟವೆಲು ಸುತ್ತಿದ ಹಾಲಿನ ಪಾತ್ರೆಯನ್ನು
ಅದರ ಬೆನ್ನಿಗೆ ಒರಗಿಸಿ ಮಲಗಿದೆ.

ರಾತ್ರಿಯಿಡೀ ಲೆಕ್ಕದ ಜೀವಾಣುಗಳು
ಹಾಲಿನ ಜೀವಾಣುಗಳಿಗೆ ಕಾವು ಕೊಟ್ಟವು.
ಅದಕ್ಕೊಂದು ಕಂಬಸಾಲು ನನ್ನ ಮಾಡೆಲಿನಲ್ಲಿ ಇರಲಿಲ್ಲ.

ಬೆಳಗ್ಗೆ, ಪರದೆಯಲ್ಲಿ: ಸೊನ್ನೆ ಬಿಂದು ನಾಲ್ಕು ಒಂದು.
ಪಾತ್ರೆಯಲ್ಲಿ: ಚಮಚ ಊರಿದರೆ ನಿಲ್ಲುವಷ್ಟು.
ಸ್ವಲ್ಪ ಹುಳಿ. ಎಷ್ಟು ಆಮ್ಲವೆಂದು ಮಾಡೆಲ್ ಹೇಳೀತು,
ಯಾರ ನಾಲಿಗೆಗೆ ಎಂದು ಅದಕ್ಕೇನು ಗೊತ್ತು.

ಏಳೂವರೆಗೆ ಬಾಗಿಲು ಬಡಿಯಿತು.
ದ್ಯಾವೀರಮ್ಮ, ಕೈಯಲ್ಲಿ ಬಟ್ಟಲು.
ಅವರ ಹಾಲೂ ಚಳಿಗೆ ಕೈಕೊಟ್ಟಿತ್ತು,
ಇದ್ದ ಹೆಪ್ಪಿನಲ್ಲಿ ಹೆಚ್ಚಿನದು ನನಗೇ ಬಂದಿತ್ತಂತೆ.
ಕಟ್ಟೆಯ ಮೇಲೆ ನನ್ನದೇ ಮೆಣಸಿನಕಾಯಿ ಇಟ್ಟರು,
ಒಂದು.
ನಾನು ಎಣಿಸಿದ್ದನ್ನು ಕಂಡು
"ಇನ್ನೊಂದ ಉಪ್ಸಾರಿನ ಖಾರಕ್ಕೆ ಅರೆದೆ" ಅಂದರು.