ವಿಳಂಬ = ೪೦

ಚ್ಯಾಟರಿಸ್ ಊರಾಚೆ ನಾಲ್ಕು ಮೈಲಿ,
ಸಕ್ಕರೆ ಬೀಟಿನ ಕಪ್ಪು ಹೊಲಗಳ ನಡುವೆ ನಮ್ಮ ಪಂಪ್‌ಹೌಸು.
ಇಲ್ಲಿ ಹೊಲ ಕೆಳಗೆ, ಹೊಳೆ ಮೇಲೆ.
ಹೊಸಬರಿಗೆ ಹೇಳಿದರೆ ಒಮ್ಮೆ ಕಿಟಕಿಯಾಚೆ ನೋಡುತ್ತಾರೆ,
ಒಮ್ಮೆ ನನ್ನ ಮುಖ.

ನೀರನ್ನು ಎಷ್ಟು ಹತ್ತಿಸಬೇಕು, ಯಾವಾಗ, ಯಾವ ಪಂಪು ಮೊದಲು,
ಎಲ್ಲ ಒಂದು ಫೈಲಿನಲ್ಲಿದೆ.
ಹೆಸರು, ಸಮಚಿಹ್ನೆ, ಬೆಲೆ.
ಹೆಸರು, ಸಮಚಿಹ್ನೆ, ಬೆಲೆ.
ಪಂಪಿನ ಹಣೆಬರಹ ಎನ್ನಿ,
ಅಳಿಸಿ ಬರೆಯಲು ಬರುವ ಹಣೆಬರಹ.

ಆದರೆ ಸಾಲಿನ ಮೊದಲಿಗೆ
ಅಡ್ಡ ಎರಡು, ಉದ್ದ ಎರಡು ಗೆರೆ ಎಳೆದರೆ
ಆ ಸಾಲು ಯಂತ್ರಕ್ಕಲ್ಲ.
ಯಂತ್ರದ ಕಿವಿಗೆ ಬೀಳದ ಕಿವಿಮಾತು ಅದು.
ವಿನಿಫ್ರೆಡ್ ಸೆಚೆಲ್ ಇಪ್ಪತ್ತಾರು ವರ್ಷ
ಆ ಗೆರೆಗಳ ಮರೆಯಲ್ಲಿ ಕೂತು ಬರೆದಿದ್ದಳು:

# ಎರಡನೇ ಪಂಪು ಮೊದಲ ನಿಮಿಷ ಕೆಮ್ಮುತ್ತೆ. ಗಾಬರಿ ಬೇಡ.
# ಅಕ್ಟೋಬರಿನಲ್ಲಿ ಎಲೆ ಸಿಕ್ಕಿಕೊಂಡು ಮಟ್ಟದ ಅಳತೆ ಸುಳ್ಳು ಹೇಳುತ್ತೆ.
# ಈ ಅಂಕೆ ತಪ್ಪು ಅಂತ ನನಗೂ ಗೊತ್ತು. ಮುಟ್ಟಬೇಡಿ.
# ಅಂಬುಜಾ, ಫ್ಲಾಸ್ಕು ಕಪಾಟಿನ ಮೇಲಿದೆ.

ಸೆಪ್ಟೆಂಬರಿನ ಒಂದು ಮಂಗಳವಾರ, ಊಟಕ್ಕೆ ಮುಂಚೆ,
ನಾನು ಹನ್ನೊಂದು ಸಾಲು ಪೈಥಾನ್ ಬರೆದೆ.
ತೆರೆ, ಓದು, ಒಂದು ಅಂಕೆ ಬದಲಿಸು, ಮತ್ತೆ ಬರೆ.
ಮೈನಸ್ ಒಂದು ಎಂಟು ಐದು ಇದ್ದದ್ದು
ಮೈನಸ್ ಒಂದು ಏಳು ಸೊನ್ನೆ ಆಗಬೇಕಿತ್ತು, ಅಷ್ಟೇ.
ಆಯಿತು.
ಪಂಪು ಹೇಳಿದ ಮಟ್ಟಕ್ಕೆ ಎದ್ದಿತು, ಹೇಳಿದ ಮಟ್ಟಕ್ಕೆ ಮಲಗಿತು.
ಬಾಸು 'ಲವ್ಲಿ' ಅಂದ.

ಗುರುವಾರ ಫೈಲು ತೆರೆದರೆ
ಗುಡಿಸಿ ಸಾರಿಸಿದ ಅಂಗಳ.
ಹೆಸರು, ಸಮ, ಬೆಲೆ. ನಡುವೆ ಒಂದು ಉಸಿರಿಲ್ಲ.
ನನ್ನ ಪ್ರೋಗ್ರಾಮು ತನಗೆ ಬೇಕಾದ್ದನ್ನು ಓದಿಕೊಂಡಿತ್ತು,
ಓದಿಕೊಂಡದ್ದನ್ನಷ್ಟೇ ಬರೆದಿತ್ತು.
ಕೇಳಬೇಡ ಎಂದದ್ದನ್ನು
ನಿಯತ್ತಾಗಿ ಕೇಳಿರಲಿಲ್ಲ.
ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಿದ್ದರು
ಮೂರನೇ ಕ್ಲಾಸಿನ ಮೇಷ್ಟ್ರು.
ಆ ಮುಕ್ಕಾಲನ್ನೇ ಗುಡಿಸಿ ಹಾಕಿದ್ದೆ.

ಬ್ಯಾಕಪ್ಪು? ಇತ್ತು.
ಪ್ರತಿ ರಾತ್ರಿ ಹಿಂದಿನದರ ಮೇಲೆಯೇ ಕೂರುವ ಬ್ಯಾಕಪ್ಪು.
ಎರಡು ರಾತ್ರಿ ಕಳೆದಿದ್ದವು.

ಒಂದು ಸಾಲು ಮಾತ್ರ ನನ್ನನ್ನೇ ದಿಟ್ಟಿಸುತ್ತಿತ್ತು:
ವಿಳಂಬ = ೪೦
ರಾತ್ರಿ ಹೊತ್ತು ನೀರು ಗೆರೆ ಮುಟ್ಟಿದ ಮೇಲೂ
ಪಂಪು ನಲವತ್ತು ನಿಮಿಷ ಕಾಯಬೇಕು.
ಏಕೆ?
ಬೆಲೆ ಇತ್ತು. ಏತಕ್ಕೆ ತೆತ್ತದ್ದು ಎಂಬುದಿರಲಿಲ್ಲ.

ವಿನಿಫ್ರೆಡ್ ಈಗ ಈಲಿಯಲ್ಲಿ, ತಂಗಿಯ ಮನೆಯ ಮಹಡಿ ಕೋಣೆಯಲ್ಲಿ.
ಮುದ್ರಿಸಿದ ಹಾಳೆ ಮುಂದಿಟ್ಟು ತಪ್ಪೊಪ್ಪಿಕೊಂಡೆ.
ಬೈಯಲಿಲ್ಲ. ಕನ್ನಡಕ ಹುಡುಕಿದಳು.
"ಅಷ್ಟೊಂದು ಬರೆದಿದ್ದೆನಾ?"
ಮೂರು ನೆನಪಾದವು. ಒಂದು ಬೇರೆ ಪಂಪ್‌ಹೌಸಿನದು.
ನಲವತ್ತರ ಹತ್ತಿರ ಬೆರಳು ನಿಂತಿತು.

"ಹಾವುಮೀನು.
ಚಂದ್ರ ಇಲ್ಲದ ರಾತ್ರಿ ನೋಡಿಕೊಂಡು ಕಡಲಿಗೆ ಹೊರಡ್ತಾವೆ.
ಪಕ್ಕದ ಸಣ್ಣ ಕೊಳವೆ ಹುಡುಕಿಕೊಳ್ಳೋಕೆ
ಅವಕ್ಕೆ ಅಷ್ಟು ಹೊತ್ತು ಬೇಕು.
ಪಂಪಿನ ರೆಕ್ಕೆಗೆ ಸಿಕ್ಕಿದರೆ..."
ಹಾಳೆ ಮಡಿಸಿದಳು.
"ಬೆಳಿಗ್ಗೆ ಜಾಲರಿ ತೊಳೀತಿದ್ದವಳು ನಾನು."

ನಲವತ್ತೇ ಯಾಕೆ ಎಂದೆ.
"ಮೂವತ್ತು ಹಾಕಿ ನೋಡಿದ್ದೆ."

ವಾಪಸು ಬಂದು ಕೈಯಲ್ಲೇ ಬರೆದೆ,
ಹನ್ನೊಂದು ಸಾಲಿನ ಜಾಣನನ್ನು ದೂರ ಇಟ್ಟು.
ಕೆಮ್ಮು, ಎಲೆ, ತಪ್ಪು ಅಂಕೆ, ನನಗೆ ನೆನಪಿದ್ದಷ್ಟು.
ಫ್ಲಾಸ್ಕನ್ನೂ ಬರೆದೆ, ಅದು ಈಗ ಅಲ್ಲಿಲ್ಲದಿದ್ದರೂ.
ನಲವತ್ತರ ಮೇಲಿನ ಸಾಲಿಗೆ ಬಂದಾಗ
ಹೇಗೂ ಯಂತ್ರ ಕೇಳದ ಮಾತು, ಯಾವ ಭಾಷೆಯಾದರೇನು ಎನಿಸಿ

# ಕತ್ತಲಲ್ಲಿ ಹಾವುಮೀನು ದಾಟುತ್ತವೆ. ಕಾಯಿರಿ.

ರಾತ್ರಿ ಪಾಳಿಯ ಹುಡುಗ ಕ್ಯಾಲಮ್ ಬಗ್ಗಿ ನೋಡಿ
"ಫಾಂಟು ಕೆಟ್ಟಿದೆಯಾ?" ಎಂದ.
ಓದಿ ಹೇಳಿದೆ.
ಕುರ್ಚಿ ಎಳೆದುಕೊಂಡು, ಅದರ ಕೆಳಗೆ
ನಾಲ್ಕು ಗೆರೆ ಹಾಕಿ, ತನ್ನ ಭಾಷೆಯಲ್ಲಿ ತಾನೇ ಬರೆದ.
ಕಾಗುಣಿತ ಒಂದು ತಪ್ಪಿತ್ತು.
ತಿದ್ದಲಿಲ್ಲ.