ಗಾಜಿನ ಲೆಕ್ಕ

ನಮ್ಮಜ್ಜ ಇಂಡಿ ಸಂತ್ಯಾಗ ಬಳಿ ಮಾರತಿದ್ದ.
"ಒಡಿಯೂದನ್ನ ಮಾರಬೇಕೋ ರಾಜೇಸಾಬ," ಅಂತಿದ್ದ,
"ಹಿತ್ತಾಳಿ ಮಾರಾಂವ ಒಮ್ಮೆ ಉಣ್ಣತಾನ,
ಗಾಜು ಮಾರಾಂವ ದಿನಾ ಉಣ್ಣತಾನ."

ನಾನೂ ಗಾಜ ಮಾರತೀನಿ.
ಬಸ್‌ಸ್ಟ್ಯಾಂಡಿನ ಹಿಂದ ಆರು ಫೂಟಿನ ಅಂಗಡಿ,
ಮನಿಯಾರ ಮೊಬೈಲ್ ರಿಪೇರಿ.

ಅಂಗಡಿ ತಗದಾಗ ಊರ ತುಂಬ ಒಂದ ಕಂಪನಿ.
ಹೆಸರ ಯಾಕ ಹೇಳಲಿ,
ಚಾಲೂ ಮಾಡಿದ್ರ ಎರಡು ಕೈ ಬಂದು
ಒಂದನ್ನೊಂದು ಹಿಡೀತಿದ್ದವಲ್ಲ, ಅದ.
ನಿಂಬಿ ಲಿಲಾವಿನ್ಯಾಗ ಒಂದು ಫೋನ್ ಒದರಿದ್ರ
ಹತ್ತು ಮಂದಿ ದಲಾಲರು ಎದಿ ಮುಟ್ಟಿ ನೋಡ್ಕೋತಿದ್ದರು.
ಆಗ ಜಗತ್ತಿನ್ಯಾಗ ಎರಡ ಜಾತಿ:
ಸಣ್ಣ ಪಿನ್ನು, ದೊಡ್ಡ ಪಿನ್ನು.

ಗುರುಬಾಯಿದು ಬಾವ್ಯಾಗ ಬಿತ್ತು.
ಪಾತಾಳಗರಡಿ ಹಾಕಿ ತಗದ್ರು.
ಮೂರು ದಿನ ಜ್ವಾಳದ ಚೀಲದಾಗ ಹೂತಿಟ್ಟಳು.
ನಾಲ್ಕನೇ ಮುಂಜಾನೆ ಜ್ವಾಳದೊಳಗಿಂದ ರಿಂಗಾತು,
ಸೊಲ್ಲಾಪುರದ ವ್ಯಾಪಾರಿ:
"ಬಾಯಿ, ಇವತ್ತ ಎಷ್ಟ ಡಾಗ ಅದಾವ?"

ಚಲೋ ಆತು. ಆದ್ರ ನನಗೇನ ಸಿಕ್ತು?
ವರ್ಷಕ್ಕೊಮ್ಮೆ ಒಂದು ಕೀಪ್ಯಾಡು, ಹದಿನೈದು ರೂಪಾಯಿ.
ಅಜ್ಜ ಗೋರ್ಯಾಗ ನಕ್ಕಿರಬೇಕು.

ಆಮ್ಯಾಲ ಮಂದಿ ಒತ್ತೂದ ಬಿಟ್ಟು ಸವರಾಕ ಹತ್ತಿದ್ರು.
ಒತ್ತೂದ್ರಾಗ ರಾಜ ಆದಾಂವಗ
ಸವರೂದು ಆಟ ಅನಿಸಿರಬೇಕು, ಹುಡುಗರದು.
ಎರಡು ವರ್ಷ. ಮೂರು.
ಏಜೆಂಟ ಕೋಳೂರಗಿ ಅಶೋಕ ಕೊಟ್ಟ ನೀಲಿ ಬೋರ್ಡಿನ ಹಿಂದ
ಹಲ್ಲಿ ಸಂಸಾರ ಹೂಡ್ತು.
ಅಶೋಕ ಬ್ಯಾರೆ ಕಂಪನಿ ಚೀಲ ಹೊತ್ತು ಬಂದಾಗ
ಬೋರ್ಡಿನ ಕಡೆ ನೋಡಲಿಲ್ಲ. ನಾನೂ ತೋರಿಸಲಿಲ್ಲ.
ನನ್ನ ಅಂಗಡಿಗೆ ಅವಾಗ ಬರಕತ್ತು ಬಂತು.
ಸೈಕಲ್ಲಿಂದ, ಟ್ರ್ಯಾಕ್ಟರಿಂದ, ಕಟ್ಟಿ ಮ್ಯಾಲಿಂದ
ಗಾಜು ಬಿದ್ದ ಬಿತ್ತು.

ಹ್ವಾದ ತಿಂಗಳು ಅಶೋಕ ಮತ್ತ ಬಂದ, ಕೂದಲ ಬೆಳ್ಳಗಾಗಿದ್ದವು.
"ಹಳೇ ಹೆಸರು ಮಾಲಕ್ರ, ಹೊಸಾ ಫೋನು.
ಈ ಸಲ ನಿಂದರತದ ನೋಡ್ರಿ."
ಕೈಯಾಗ ಹಿಡದೆ. ತಿರುವಿ ನೋಡಿದೆ.
ಹೆಬ್ಬೆಟ್ಟಿಲೆ ಹೆಸರ ಮುಚ್ಚಿದ್ರ
ಅದು ಯಾರ ಮಗನೂ ಆಗಬಹುದಿತ್ತು.

ಗುರುಬಾಯಿ ಹೆಬ್ಬೆಟ್ಟು ಇಡಲಿಲ್ಲ, ಹೆಸರ ನೋಡಿ ಒಯ್ದಳು.
ನಿಂಬಿ ಫೋಟೋ ಕಳಿಸಿದ್ರ ಈಗ ರೇಟು,
ವ್ಯಾಪಾರಿ ಮಾತ ಕೇಳೂದಿಲ್ಲ.
ಎಂಟ ದಿನಕ್ಕ ಬಂದಳು, ಸೆರಗಿನ್ಯಾಗ ಸುತ್ಕೊಂಡು.
ಬಾವಿ ಅಲ್ಲ, ಏನಲ್ಲ,
ಉಡಿಯಿಂದ ಜಾರಿ ಪಾವಟಿಗಿ ಮ್ಯಾಲ ಬಿದ್ದದ್ದು.
"ಅದ ಕಂಪನಿ ಅಂದಿದ್ದೆಲ್ಲೋ?"

ಸೊಲ್ಲಾಪುರಕ್ಕ ಕೇಳಿದೆ, ಡಿಸ್‌ಪ್ಲೇ ಇಲ್ಲ.
ಪುಣೆ, ಇಲ್ಲ.
ಒರಿಜಿನಲ್ ಇರಲಿ, ಡುಪ್ಲಿಕೇಟೂ ಇಲ್ಲ.
ಒಂದು ಮಾತು ಹೇಳ್ತೀನಿ, ದೊಡ್ಡ ದೊಡ್ಡವರು ಲೆಕ್ಕ ಹಾಕ್ಲಿ ಬಿಡ್ಲಿ:
ಡುಪ್ಲಿಕೇಟ ಮಾಡಾಂವನೂ ನಂಬದ ಮಾಲು
ಪ್ಯಾಟ್ಯಾಗ ನಿಂದರೂದು ಕಷ್ಟ.

ಆಕಿ ಎಲಿ-ಅಡಿಕಿ ಚಂಚಿ ಬಿಚ್ಚಿದಳು.
ಸುಣ್ಣದ ಡಬ್ಬಿ ಬಾಜೂಕ ಅದು, ಬಾವಿ ಕಂಡ ಫೋನು,
ಐದರ ಅಂಕಿ ಪೂರಾ ಸವದಿತ್ತು.
"ಇದರಾಗ ಹಾಕಿ ಕೊಡು ಸಿಮ್ಮು.
ಫೋಟೋ ಬೇಕಾದಾಂವ ಬಂದು ನೋಡ್ಲಿ."

ಸಿಮ್ಮು ಸಣ್ಣದು, ಮನಿ ದೊಡ್ಡದು.
ಹಳೇ ರೀಚಾರ್ಜ್ ಕಾರ್ಡ್ ಕತ್ತರಿಸಿ ಹೊಂದಿಸಿ ಕೂಡಿಸಿದೆ.
ಬಟನ್ ಒತ್ತಿದೆ.
ಒಂದು ಕೈ ಬಂತು.
ಇನ್ನೊಂದು ಬರೂತನಕ ಇಬ್ಬರೂ ಮಾತಾಡಲಿಲ್ಲ.

ಅಶೋಕ ಸಂಜೀಕ ಫೋನ್ ಮಾಡ್ಯಾನ, ಎಷ್ಟ ಪೀಸು ಇಡಲಿ ಅಂತ.
ಎರಡ ಇಡು ಅಂದೆ. ಯಾಕಂದೆನೋ.

ಬಳಿ ಇಡಿಸೂ ಮುಂದ ಒಡದದ್ದು ನಮ್ಮ ಲೆಕ್ಕ,
ಇಡಿಸಿದ ಮ್ಯಾಲ ಒಡದದ್ದು ಅವರ ಲೆಕ್ಕ ಅಂತಿದ್ದ ಅಜ್ಜ.
ಈ ಕಂಪನಿ ಕೈ ಇನ್ನೂ ಅರ್ಧ ಬಳಿಯೊಳಗ ಅದ,
ಗೆಣ್ಣಿನ ಹತ್ರ.